ನಾಲ್ಕು ಗಂಟೆಯ ಅಲಾರಂ ಬೇಡ, ಮೂರು ಹೊತ್ತಿನ ಪ್ರಾರ್ಥನೆ ಸಾಕು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ, ಹೊಸ ವರ್ಷಕ್ಕೆ ಅಂತ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು ಹಿಡಿದು ಚರ್ಚಿನಿಂದ ಹೊರಗೆ ಬರುವಾಗ ನಮ್ಮಲ್ಲಿ ಅರ್ಧ ಜನ ಒಂದೇ ತೀರ್ಮಾನ ಮಾಡಿರುತ್ತೇವೆ. ಈ ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ. ಸಂಕ್ರಾಂತಿ ಹೊತ್ತಿಗೆ ಅದಕ್ಕೆ ಎಳ್ಳುನೀರು ಬಿಟ್ಟಾಗಿರುತ್ತದೆ. ಆಮೇಲೆ ವರ್ಷಪೂರ್ತಿ "ನನ್ನ ಪ್ರಾರ್ಥನಾ ಜೀವನ ಸರಿಯಿಲ್ಲ" ಅನ್ನುವ ಕೊರಗು.

ನನ್ನನ್ನು ಕೇಳಿದರೆ, ಸರಿಯಿಲ್ಲದಿರುವುದು ಆ ನಾಲ್ಕು ಗಂಟೆಯೇ. ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ನಾಲ್ಕಕ್ಕೆ ಏಳುತ್ತಿದ್ದರು ಅಂತ ಪ್ರಸಂಗಗಳಲ್ಲಿ ಕೇಳಿರುತ್ತೇವೆ. ನಿಜ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ 1904ರಲ್ಲಿ ಕಟ್ಟಿದ್ದು, ಅವರ ಹೆಸರಿನದೇ ವೆಸ್ಲಿಯನ್ ಮಿಷನ್ ಕಾಲದ್ದು. ಹಾಗಾಗಿ ಆ ಹೆಸರು ಬೆಂಗಳೂರಿನ ಕನ್ನಡ ಕ್ರೈಸ್ತರಿಗೆ ಹೊಸದಲ್ಲ. ಆದರೆ ವೆಸ್ಲಿ ರಾತ್ರಿ ಬೇಗ ಮಲಗುತ್ತಿದ್ದರು, ಅದನ್ನು ಯಾರೂ ಹೇಳುವುದಿಲ್ಲ. 18ನೇ ಶತಮಾನದಲ್ಲಿ ರೀಲ್ಸ್ ಇರಲಿಲ್ಲ. ಅಮೆರಿಕದವರ ಜೊತೆ ರಾತ್ರಿ ಹತ್ತೂವರೆಯ ಮೀಟಿಂಗೂ ಇರಲಿಲ್ಲ. ಸಿಲ್ಕ್ ಬೋರ್ಡ್ ದಾಟಿ ಒಂಬತ್ತಕ್ಕೆ ಮನೆ ಸೇರುವವರಿಗೆ ನಾಲ್ಕರ ಲೆಕ್ಕ ಹೇಳಿ ಏನು ಪ್ರಯೋಜನ?

ಹಳೆಯವರ ಶಿಸ್ತು ಬೇರೆ ಥರ ಇತ್ತು. ಬೈಬಲಿನ ಪ್ರವಾದಿ ದಾನಿಯೇಲ ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ. ಬೈಬಲಿನ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲಿ 55ನೆಯದರಲ್ಲೂ ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಅಂತಲೇ ಇದೆ. ಮೊದಮೊದಲ ಸಭೆಗಳಿಗಾಗಿ ಬರೆದ ದಿದಾಖೆ ಅನ್ನುವ ಪುಟ್ಟ ಕೈಪಿಡಿ ಇನ್ನೂ ಸರಳ: ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಿ, ಅಷ್ಟೇ. ನಿಧಾನವಾಗಿ ಹೇಳಿದರೂ ಒಂದು ನಿಮಿಷ ಆಗುವುದಿಲ್ಲ. ಕಥೋಲಿಕರ ಏಂಜಲಸ್ ಪ್ರಾರ್ಥನೆಗೆ ಕರೆಯುವ ಚರ್ಚಿನ ಗಂಟೆಯೂ ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ. ಎಷ್ಟು ಹೊತ್ತು ಅನ್ನುವುದಕ್ಕಿಂತ ಯಾವ ಹೊತ್ತು ಅನ್ನುವುದಕ್ಕೆ ಅವರು ಜಾಸ್ತಿ ಬೆಲೆ ಕೊಟ್ಟರು. ಹೊತ್ತು ಗಟ್ಟಿಯಾದರೆ ಉದ್ದ ತಾನಾಗಿ ಬರುತ್ತದೆ. ಬರದಿದ್ದರೂ ಪರವಾಗಿಲ್ಲ.

ಇಲ್ಲಿ ನಮ್ಮ ಪ್ರಾಟೆಸ್ಟೆಂಟ್ ಮಂದಿಗೆ ಒಂದು ಮುಳ್ಳು ಚುಚ್ಚುತ್ತದೆ. "ಅದು ಬಾಯಿಪಾಠ ಅಲ್ವಾ? ಸುಮ್ನೆ ಸುಮ್ನೆ ಹೇಳಿದ್ದನ್ನೇ ಹೇಳಬೇಡಿ ಅಂತ ಯೇಸುಸ್ವಾಮಿಯೇ ಹೇಳಿಲ್ವಾ?" ಹೇಳಿದ್ದಾರೆ, ಮತ್ತಾಯ 6:7ರಲ್ಲಿ. ಆದರೆ ಎರಡೇ ವಚನ ಮುಂದೆ ಹೋಗಿ ನೋಡಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಬಾಯಿಗೆ ಮಾತು ಹಾಕಿಕೊಟ್ಟಿದ್ದಾರೆ. ಶಿಲುಬೆಯ ಮೇಲೆ, ಉಸಿರು ಕಟ್ಟುತ್ತಿರುವಾಗ, ಅವರ ಬಾಯಿಂದ ಬಂದದ್ದು 22ನೇ ಕೀರ್ತನೆಯ ಮಾತು, 31ನೇ ಕೀರ್ತನೆಯ ಮಾತು. ಚಿಕ್ಕಂದಿನಲ್ಲಿ ಕಲಿತದ್ದೇ ಇರಬೇಕು. ಅಂಥ ಹೊತ್ತಿನಲ್ಲಿ ಯಾರಿಗೆ ಹೊಸ ವಾಕ್ಯ ಹೊಳೆಯುತ್ತದೆ?

ಇನ್ನು ನಮ್ಮ "ಹೃದಯದಿಂದ ಬಂದ" ಪ್ರಾರ್ಥನೆಗಳನ್ನೇ ಕಿವಿಗೊಟ್ಟು ಕೇಳಿ. "ಈ ಗಳಿಗೆಯವರೆಗೂ ಕಾಪಾಡಿದ ಕರ್ತನೇ ಸ್ತೋತ್ರ" ಅಂತ ಶುರು, "ಬಂದವರನ್ನೂ ಬಾರದವರನ್ನೂ ಆಶೀರ್ವದಿಸು" ಅಂತ ಮುಕ್ತಾಯ. ಇದೂ ಬಾಯಿಪಾಠವೇ, ಬರೆದಿಟ್ಟಿಲ್ಲ ಅಷ್ಟೇ. ಅದರ ಬದಲು ಕೀರ್ತನೆಗಳು ಎಷ್ಟೋ ವಾಸಿ. ಅಲ್ಲಿ ಸಿಟ್ಟಿದೆ, ಅಳು ಇದೆ, "ಎಲ್ಲಿ ಹೋದೆ ನೀನು" ಅಂತ ದೇವರ ಜೊತೆ ಜಗಳ ಇದೆ. ಇಂಗ್ಲೆಂಡಿನ ಸಭೆಯವರ, ಅಂದರೆ ಆಂಗ್ಲಿಕನ್ನರ, ಹಳೆಯ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನೂ ತಿಂಗಳ 30 ದಿನಕ್ಕೆ ಬೆಳಿಗ್ಗೆ-ಸಂಜೆ ಅಂತ ಹಂಚಿಟ್ಟಿದೆ. ಅಷ್ಟು ಆಗದಿದ್ದರೆ ದಿನಕ್ಕೊಂದು ಸಾಕು. ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋ ಹತ್ತಿದರೆ "ಮುಂದಿನ ನಿಲ್ದಾಣ ಟ್ರಿನಿಟಿ" ಅನ್ನುವಷ್ಟರಲ್ಲಿ ಒಂದು ಕೀರ್ತನೆಯನ್ನು ಎರಡು ಸಾರಿ ಓದಬಹುದು. (119 ಮಾತ್ರ ಬೇಡ. 176 ವಚನ, ವೈಟ್‌ಫೀಲ್ಡ್‌ವರೆಗೂ ಬೇಕಾದೀತು.)

"ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು" ಅನ್ನುವ ಯೇಸುಸ್ವಾಮಿಯ ಮಾತು ಬಾಡಿಗೆ ಮನೆಯವರಿಗೆ ಕಷ್ಟ. ಒಂದು ಬೆಡ್‌ರೂಮು, ಐದು ಜನ, ಮುಚ್ಚಲು ಇರುವುದು ಬಾತ್‌ರೂಮಿನ ಬಾಗಿಲೊಂದೇ. ನಮ್ಮ ದೊಡ್ಡಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಸೆರಗು ಬಿತ್ತು ಅಂದರೆ ಯಾರೂ ಮಾತಾಡಿಸುವ ಹಾಗಿಲ್ಲ. ಕುಕ್ಕರ್ ಮೂರನೇ ವಿಸಿಲ್ ಹಾಕಿದರೆ ಕಣ್ಣು ತೆರೆಯದೆ ಕೈ ಮಾತ್ರ ಚಾಚಿ ಗ್ಯಾಸ್ ಆಫ್ ಮಾಡುತ್ತಿದ್ದರು, ತುಟಿ ನಿಲ್ಲುತ್ತಿರಲಿಲ್ಲ. ವೆಸ್ಲಿಯ ತಾಯಿ ಸುಸನ್ನಾ ಕೂಡ ಮನೆ ತುಂಬ ಮಕ್ಕಳ ನಡುವೆ ಏಪ್ರನ್ ಅನ್ನು ತಲೆಗೆ ಹೊದ್ದು ಪ್ರಾರ್ಥಿಸುತ್ತಿದ್ದರು ಅಂತ ಹೇಳುತ್ತಾರೆ. ದೊಡ್ಡಮ್ಮನಿಗೆ ಅವರ ಹೆಸರೂ ಗೊತ್ತಿರಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ "ಆಮೆನ್" ಒತ್ತುವುದು, ಯೂಟ್ಯೂಬಿನಲ್ಲಿ ಪ್ರಾರ್ಥನೆ ಹಾಕಿ ಪಾತ್ರೆ ತೊಳೆಯುವುದು, ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಪ್ಪೇನಲ್ಲ. ಆದರೆ ಅದು ಬೇರೆಯವರ ಪ್ರಾರ್ಥನೆ ಕೇಳಿಸಿಕೊಂಡದ್ದಾಯಿತು.

ಮತ್ತೆ, ಏನೂ ಅನ್ನಿಸದ ದಿನಗಳು. ಅವೇ ಜಾಸ್ತಿ. 16ನೇ ಶತಮಾನದ ಸ್ಪೇನಿನ ಸಂತ ತೆರೇಸಾ, ಪ್ರಾರ್ಥನೆಯ ಬಗ್ಗೆ ಪುಸ್ತಕಗಳನ್ನೇ ಬರೆದವರು, ವರ್ಷಗಟ್ಟಲೆ ತಮಗೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಅನ್ನಿಸುತ್ತಿತ್ತು, ಕಿವಿಯೆಲ್ಲ ಗಡಿಯಾರದ ಕಡೆಗೇ ಇತ್ತು ಅಂತ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಆದರೂ ಕೂರುತ್ತಿದ್ದರು. ಕಣ್ಣೀರು ಬಂದರೆ ಮಾತ್ರ ಒಳ್ಳೆಯ ಪ್ರಾರ್ಥನೆ ಅಂತ ನಮ್ಮ ತಲೆಗೆ ಯಾರು ತುಂಬಿದರೋ! ಒಂದು ಹೊತ್ತು ತಪ್ಪಿದರೆ ರಾತ್ರಿ ಕೂತು ಬಡ್ಡಿ ಸಮೇತ ತೀರಿಸಬೇಕಾಗಿಲ್ಲ. ಮುಂದಿನ ಹೊತ್ತಿಗೆ ಕೂತರಾಯಿತು.

ಸಭಾಪಾಲಕರಿಗೆ, ಸಂಡೇಸ್ಕೂಲ್ ಟೀಚರುಗಳಿಗೆ ಒಂದು ಕೋರಿಕೆ. ಈ ಬೇಸಿಗೆಯ ವಿಬಿಎಸ್‌ನಲ್ಲಿ (ಮಕ್ಕಳ ರಜಾ ಬೈಬಲ್ ಶಾಲೆಯಲ್ಲಿ) ಆ್ಯಕ್ಷನ್ ಸಾಂಗ್ ಎರಡು ಕಮ್ಮಿ ಮಾಡಿ. ಮಕ್ಕಳಿಗೆ 23, 121, ಮಲಗುವ ಹೊತ್ತಿಗೆ 4, ಈ ಮೂರು ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿ. ಅರ್ಥ ಈಗಲೇ ಆಗದಿದ್ದರೂ ಬೇಸರ ಬೇಡ. ಅಪ್ಪ-ಅಮ್ಮಂದಿರಿಗೂ ಹೋಮ್‌ವರ್ಕ್ ಕೊಡಿ. ಕೊಟ್ಟದ್ದನ್ನು ಮುಂದಿನ ಭಾನುವಾರ ಕೇಳಿ ಒಪ್ಪಿಸಿಕೊಳ್ಳಿ, ನಾವೂ ಎದ್ದು ನಿಂತು ಒಪ್ಪಿಸುತ್ತೇವೆ.