ಸ್ನೂಸ್ ಮತ್ತು ಡಿಪ್ ಒಂದೇ ಅಲ್ಲ
ತುಟಿಯ ಒಳಗಿಟ್ಟುಕೊಳ್ಳುವ ಹೊಗೆರಹಿತ ತಂಬಾಕುಗಳಾದ ಸ್ವೀಡನ್ನಿನ ಸ್ನೂಸ್ ಹಾಗೂ ಅಮೆರಿಕದ ಡಿಪ್ ನಡುವೆ ಹೆಸರಿನ ವ್ಯತ್ಯಾಸ ಮಾತ್ರ ಇದೆ ಎಂಬ ಲೇಖನವೊಂದರ ಮಾತನ್ನು ಒಪ್ಪುವುದು ಕಷ್ಟ. ಮುಖ್ಯ ಅಂತರವಿರುವುದು ತಯಾರಿಕೆಯಲ್ಲಿ. ಪುಡಿ ಮಾಡಿದ ತಂಬಾಕಿಗೆ ನೀರು ಮತ್ತು ಉಪ್ಪು ಬೆರೆಸಿ, ಹಬೆಯ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ ಸ್ನೂಸ್ ಸಿದ್ಧಪಡಿಸುವುದರಿಂದ, ನೈಟ್ರೈಟ್ ಉತ್ಪಾದಿಸುವ ಸೂಕ್ಷ್ಮಾಣುಗಳು ಬಹುಮಟ್ಟಿಗೆ ನಾಶವಾಗಿ, ನೈಟ್ರೈಟ್‌ನಿಂದ ಉಂಟಾಗುವ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳ ಪ್ರಮಾಣ ಕಡಿಮೆ ಉಳಿಯುತ್ತದೆ. ಡಿಪ್‌ಗೆ ಬಳಸುವ ತಂಬಾಕನ್ನು ಸಾಂಪ್ರದಾಯಿಕವಾಗಿ ಹುದುಗಿಸುತ್ತಾರೆ; ಅದರಲ್ಲಿ ಹೊಗೆಯಲ್ಲಿ ಒಣಗಿಸಿದ ಎಲೆಯೂ ಇರುವುದುಂಟು. ಸ್ನೂಸನ್ನು ಮೇಲ್ದುಟಿಯ ಒಳಗಿಟ್ಟುಕೊಂಡು ಉಗುಳದೆ ಬಳಸಿದರೆ, ಡಿಪ್ ಅನ್ನು ಕೆಳದುಟಿಯಲ್ಲಿಟ್ಟು ಉಗುಳುತ್ತಾರೆ. ಬೇಸ್‌ಬಾಲ್ ಮೈದಾನಗಳಲ್ಲಿ ಬಹುಕಾಲ ಕಾಣುತ್ತಿದ್ದ ಆ ಕಂದು ಕಲೆಗಳು (ನಮ್ಮ ಬಸ್ ನಿಲ್ದಾಣದ ಗೋಡೆಗಳನ್ನು ಕಂಡವರಿಗೆ ಹೊಸತೇನಲ್ಲ) ಇದರ ಫಲ.

ಕಾನೂನಿನ ಚಿತ್ರವೂ ವಿಚಿತ್ರವಾಗಿದೆ. ಯುರೋಪಿನ ಒಕ್ಕೂಟ (ಆಗಿನ ಯುರೋಪಿಯನ್ ಸಮುದಾಯ) 1992ರಲ್ಲಿ ಬಾಯಿಯಲ್ಲಿಟ್ಟುಕೊಳ್ಳುವ ತಂಬಾಕಿನ ಮಾರಾಟವನ್ನು ನಿಷೇಧಿಸಿತು. 1995ರಲ್ಲಿ ಒಕ್ಕೂಟ ಸೇರುವಾಗ ಸ್ವೀಡನ್ ತನಗಾಗಿ ವಿನಾಯಿತಿ ಪಡೆದುಕೊಂಡಿತು.

ಇಷ್ಟಾದರೂ ಸ್ನೂಸ್ ನಿರಪಾಯಕಾರಿ ಎಂದು ಯಾರೂ ತಿಳಿಯಬಾರದು, ಏಕೆಂದರೆ ಎರಡರಲ್ಲಿಯೂ ಚಟ ಹಿಡಿಸುವ ನಿಕೋಟಿನ್ ಧಾರಾಳವಾಗಿದೆ, ಮತ್ತು ಗರ್ಭಿಣಿಯರಿಗೆ ಎರಡೂ ಹಾನಿಕರ. ಸಿಗರೇಟಿನ ಬದಲು ಬಳಸಿದರೆ ಕೆಲವು ರೋಗಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅನುಮತಿ ನೀಡಿದ್ದು 'ಜನರಲ್' ಹೆಸರಿನ ಎಂಟು ಸ್ನೂಸ್ ಉತ್ಪನ್ನಗಳಿಗೆ. ಅದನ್ನೇ ಆಧಾರವಾಗಿಟ್ಟುಕೊಂಡು ಡಿಪ್ ಅಥವಾ ನಮ್ಮ ಖೈನಿಯ ಪರವಾಗಿ ವಾದಿಸಲು ಬರುವುದಿಲ್ಲ.