ಮೊದಲ ಎರಡು ನಿಮಿಷ: ಕತ್ತಲೆಯೋ, ನಡುಮಧ್ಯಾಹ್ನವೋ?

ಕಾಸರಗೋಡಿನ ಕುಂಬಳೆ ಹತ್ತಿರದ ಹಳೆಯ ಹೆಂಚಿನ ಮನೆಯೊಂದರಲ್ಲಿ ನಾವು ಕೆಲವು ವಿದ್ಯಾರ್ಥಿಗಳು ಕಿರುಚಿತ್ರ ತೆಗೆಯುತ್ತಿದ್ದೇವೆ. ಅಡಿಕೆ ತೋಟದ ಯಜಮಾನರೊಬ್ಬರು ಕಾಣೆಯಾಗುವ ಕಥೆ. ಆರಂಭದ ಎರಡು ನಿಮಿಷವನ್ನು ಫಿಲ್ಮ್ ನ್ವಾರ್ ಪದ್ಧತಿಯಲ್ಲೇ, ಅಂದರೆ ಕತ್ತಲೆ-ನೆರಳು ತುಂಬಿದ ಹಳೆಯ ಅಮೆರಿಕನ್ ಅಪರಾಧ ಚಿತ್ರಗಳ ಹಾಗೆ, ತೆಗೆಯಬೇಕೋ, ಆ ಪದ್ಧತಿಯನ್ನು ಮುರಿಯಬೇಕೋ ಎಂಬಲ್ಲಿಗೆ ಬಂದಾಗ ತಂಡ ಎರಡಾಯಿತು.

ಪರ: ಕ್ಯಾಮರಾ ಹಿಡಿದವನ ಮಾತು

ನ್ವಾರ್ ನಮ್ಮದಲ್ಲ ಅನ್ನುವವರು ಒಮ್ಮೆ ಬಯಲಾಟವನ್ನು ನೆನಪು ಮಾಡಿಕೊಳ್ಳಲಿ. ಬಣ್ಣದ ವೇಷ ದೂರದಿಂದ, ಜನರ ನಡುವಿನಿಂದ ದೊಂದಿ ಹಿಡಿದು ಬರುತ್ತದೆ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ. ಅಜ್ಜನ ಮಡಿಲಲ್ಲಿ ತೂಕಡಿಸುತ್ತಿದ್ದ ಮಗುವಿಗೂ ರಾಕ್ಷಸ ಬಂದನೆಂದು ತಿಳಿಯುತ್ತದೆ. ಇದು ಹಳೆಯದಾಯಿತು ಎಂದು ಯಾರಾದರೂ ಎದ್ದು ಹೋದದ್ದುಂಟೇ? ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಕಟ್ಟುಪಾಡಿನ ಬಲ ಏನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಎರಡು ನಿಮಿಷದಲ್ಲಿ ನೋಡುವವರನ್ನು ಹಿಡಿದು ಕೂರಿಸಬೇಕಾದರೆ ಅವರಿಗೆ ಪರಿಚಯವಿರುವ ಗುರುತು ಬೇಕು. ಅರ್ಧ ಬೆಳಗಿದ ಮುಖ, ಒದ್ದೆ ರಸ್ತೆ, ಆಗಿಹೋದದ್ದನ್ನು ಹೇಳುವ ದನಿ, ಇಷ್ಟು ಕಂಡರೆ ಸಾಕು, ಇಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂಬುದು ಮನಸ್ಸಿಗೆ ಬರುತ್ತದೆ.

ದುಡ್ಡಿನ ಮಾತೂ ಇದೆ. ಯುದ್ಧಕಾಲದ ಅಮೆರಿಕದಲ್ಲಿ 1942ರ ಹೊತ್ತಿಗೆ ಒಂದು ಚಿತ್ರದ ಸೆಟ್‌ಗೆ ಕೊಳ್ಳುವ ಹೊಸ ಸಾಮಗ್ರಿಗೆ 5,000 ಡಾಲರ್ ಮಿತಿ ಹಾಕಿದ್ದರು. ಇಲ್ಲದ ಗೋಡೆಯನ್ನು ಕತ್ತಲೆ ಮುಚ್ಚಿತು. ನಮ್ಮ ಹತ್ತಿರ ಇರುವುದು ಒಂದು ಎಲ್‌ಇಡಿ ದೀಪ. ಅದೊಂದರಿಂದಲೇ ಕೆಲಸ ಆಗುವ ಶೈಲಿ ಇದು.

ಕಳೆದ ವಾರ ಚಾವಡಿಯ ಮರದ ದಳಿಯ ಕಿಟಕಿಗೆ ಹೊರಗಿನಿಂದ ದೀಪ ಹಿಡಿದೆವು. ಕಿಟಕಿಗೆ ತಾಗಿಸಿ ಹಿಡಿದಾಗ ಗೋಡೆಯ ಮೇಲೆ ಬರೀ ಮಸುಕು. ದೀಪದ ಮುಂದಿನ ಬಿಳಿ ಬಟ್ಟೆ ತೆಗೆದು, ಅಂಗಳದಾಚೆಗೆ ಏಣಿಗೆ ಕಟ್ಟಿದ ಮೇಲೆ ಒಂದೊಂದು ದಳಿಯ ನೆರಳೂ ಗೆರೆ ಕೊರೆದ ಹಾಗೆ ಬಿತ್ತು. ದೀಪ ದೂರ ಹೋದಷ್ಟೂ, ಚಿಕ್ಕದಾದಷ್ಟೂ ನೆರಳು ಹರಿತವಾಗುತ್ತದೆ. ಆ ಪಟ್ಟೆಗಳ ಮಧ್ಯೆ ನಿಂತ ನಮ್ಮ ನಟ ಏನೂ ಮಾಡದೆಯೇ ಸೆರೆಸಿಕ್ಕವನಂತೆ ಕಂಡ. ಮಳೆಯನ್ನೂ ಹಾಗೇ ಕಲಿತೆವು. ಕ್ಯಾಮರಾದ ಕಡೆಯಿಂದ ಬೆಳಕು ಬಿಟ್ಟರೆ ಆಷಾಢದ ಜಡಿಮಳೆಯೂ ಚಿತ್ರದಲ್ಲಿ ಕಾಣುವುದಿಲ್ಲ, ಮಳೆಯ ಹಿಂದಿನಿಂದ ಬಿಟ್ಟರೆ ಹನಿಹನಿಯೂ ಹೊಳೆಯುತ್ತದೆ. ಕಟ್ಟುಪಾಡನ್ನು ಪಾಲಿಸಲು ಹೊರಟದ್ದರಿಂದಲೇ ಇಷ್ಟು ಕಲಿತದ್ದು. ಮೊದಲ ಚಿತ್ರದಲ್ಲೇ ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ವಿರೋಧ: ಚಿತ್ರಕಥೆ ಬರೆದವಳ ಮಾತು

ದಳಿಯ ನೆರಳು ಚಂದ ಬಿದ್ದದ್ದು ನಿಜ, ಏಣಿ ಹಿಡಿದು ನಿಂತವಳು ನಾನೇ. ಆದರೆ ಆ ಚೌಕಟ್ಟಿನಲ್ಲಿ ನಮ್ಮ ಯಜಮಾನರು ಎಲ್ಲಿದ್ದಾರೆ?

ಅಮೆರಿಕದ ಈ ಚಿತ್ರಗಳಿಗೆ ‘ಫಿಲ್ಮ್ ನ್ವಾರ್’, ಅಂದರೆ ‘ಕಪ್ಪು ಚಿತ್ರ’, ಎಂಬ ಹೆಸರು ಬಂದದ್ದು 1946ರಲ್ಲಿ, ಫ್ರಾನ್ಸಿನ ವಿಮರ್ಶಕ ನಿನೊ ಫ್ರಾಂಕ್ ಬರೆದ ಮೇಲೆ. ಯುದ್ಧ ಮುಗಿದು ಅಮೆರಿಕದ ಚಿತ್ರಗಳು ಪ್ಯಾರಿಸ್ಸಿಗೆ ಒಟ್ಟಿಗೆ ಬಂದಾಗ ಅಲ್ಲಿಯವರಿಗೆ ಅವುಗಳಲ್ಲಿ ಒಂದೇ ಬಗೆಯ ಕಪ್ಪು ಕಂಡಿತು. ತೆಗೆದವರ ಕೈಯಲ್ಲಿ ನಿಯಮದ ಪಟ್ಟಿ ಇರಲಿಲ್ಲ. ತಮ್ಮ ಊರಿನ ಭಯವನ್ನು ತೆಗೆದರು, ಅಷ್ಟೆ. ನಾವು ಯಾರ ಭಯವನ್ನು ತೆಗೆಯುತ್ತಿದ್ದೇವೆ?

ಹೆಣ್ಣಿನ ಪಾತ್ರವನ್ನೇ ನೋಡಿ. ಮೋಹಿಸಿ ಕೆಡಿಸುವ ಹೆಂಗಸಿಲ್ಲದೆ ನ್ವಾರ್ ಇಲ್ಲವೆಂದು ಮೊದಲ ಕರಡಿನಲ್ಲಿ ನಾನೂ ಅಂಥವಳೊಬ್ಬಳನ್ನು ಬರೆದಿದ್ದೆ. ನಮ್ಮಲ್ಲಿ ಹೆಂಗಸರು ಬೀಡಿ ಕಟ್ಟಿ, ಅಡಿಕೆ ಸುಲಿದು ಮನೆ ನಡೆಸಿದ್ದಾರೆ. ದುಡಿಯುವ ಹೆಂಗಸನ್ನು ಕಂಡು ಹೆದರುವ ಗಂಡಸಿನ ಕನಸನ್ನು ನಾನೇಕೆ ಕಡ ತರಲಿ? ಆ ಪುಟ ಹರಿದೆ. ಹಿನ್ನೆಲೆ ದನಿಯನ್ನೂ ಬಿಟ್ಟೆ. ಮನೆಯಲ್ಲಿ ಹವ್ಯಕ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಆಡುವ ಮನುಷ್ಯ ಪಠ್ಯಪುಸ್ತಕದ ಕನ್ನಡದಲ್ಲಿ ತನ್ನ ಪಾಪ ಒಪ್ಪಿಕೊಂಡರೆ ಕಿವಿ ನಂಬುವುದಿಲ್ಲ.

ಆರ್ಸನ್ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’ ಶುರುವಾಗುವುದೇ ಒಂದು ಗಡಿಯಲ್ಲಿ. ಬಾಂಬನ್ನು ಕಾರಿನ ಡಿಕ್ಕಿಯಲ್ಲಿ ಇಡುವುದನ್ನು ನಾವು ಮೊದಲೇ ನೋಡುತ್ತೇವೆ. ಮೂರು ನಿಮಿಷಕ್ಕೂ ಮೀರಿ ಎಲ್ಲೂ ಕತ್ತರಿಸದೆ ಕ್ಯಾಮರಾ ಆ ಕಾರಿನ ಜೊತೆ ಗಡಿ ದಾಟುತ್ತದೆ. ಅದು ರಾತ್ರಿಯ ದೃಶ್ಯವೇ, ನೆರಳೂ ಬೇಕಷ್ಟಿದೆ. ಆದರೂ ಎದೆ ಹೊಡೆದುಕೊಳ್ಳುವುದು ನೆರಳಿಗಲ್ಲ, ಕಾರಿನಲ್ಲಿರುವವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುವುದಕ್ಕೆ.

ನಮ್ಮದೂ ಗಡಿ. 1956ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಕನ್ನಡ ಶಾಲೆಯಲ್ಲಿ ಓದಿದ ನನ್ನ ಅಜ್ಜನ ಕೈಗೆ ಮಲಯಾಳದ ನೋಟೀಸು ಬಂದರೆ, ಅವರು ಅದನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಓದಿ ಹೇಳಬಲ್ಲ ಯಾರಾದರೂ ದಾರಿಯಲ್ಲಿ ಸಿಕ್ಕಾರೋ ಎಂದು ಗೇಟಿನ ಹತ್ತಿರ ಕಾಯುತ್ತಿದ್ದರು. ಅವರ ಮುಖದಲ್ಲಿ ಆಗ ಇದ್ದದ್ದಕ್ಕಿಂತ ದೊಡ್ಡ ಆತಂಕವನ್ನು ನಾನು ಯಾವ ಕಪ್ಪು-ಬಿಳುಪು ಚಿತ್ರದಲ್ಲೂ ಕಂಡಿಲ್ಲ. ತನ್ನ ಮೇಲೆ ಏನೋ ಬೀಳಲಿದೆ, ಏನೆಂದು ಗೊತ್ತಿಲ್ಲ. ನ್ವಾರಿನ ಜೀವ ಇದೇ ಅಲ್ಲವೇ? ಅದಕ್ಕೆ ಕತ್ತಲೆ ಯಾಕೆ? ನಡುಮಧ್ಯಾಹ್ನ ಒಬ್ಬಳೇ ತೋಟಕ್ಕೆ ಹೋಗಬೇಡ ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಕಡೆ ಹೆದರಿಕೆಗೆ ಹಗಲೂ ಆಗುತ್ತದೆ.

ಹಾಗಾಗಿ ನನ್ನ ಆರಂಭ ಹೀಗೆ. ಮಾರ್ಚಿಯ ಬಿಸಿಲು. ಅಂಗಳ ತುಂಬ ಒಣಹಾಕಿದ ಅಡಿಕೆ, ಎಲ್ಲೂ ನೆರಳಿಲ್ಲ. ಜಗಲಿಯ ಮೇಲೆ ಕನ್ನಡಕ, ಅದರಡಿ ಮಡಚಿದ ಕಾಗದ. ಒಳಗೆ ಫೋನು ಬಡಿಯುತ್ತಿದೆ, ಯಾರೂ ಎತ್ತುವುದಿಲ್ಲ. ಗಾಳಿಗೆ ಕಾಗದ ಬಿಚ್ಚಿಕೊಳ್ಳುತ್ತದೆ. ಅಕ್ಷರಗಳು ಕಾಣುತ್ತವೆ, ಕೆಳಗೆ ಅನುವಾದದ ಸಾಲು ಹಾಕುವುದಿಲ್ಲ.