ಬೇವಿನ ಬಳಗ

ನಮ್ಮ ಬೇವು ಸೇರಿರುವ ಮಿಲಿಯೇಸಿ ಅನ್ನೋ ಸಸ್ಯ ಕುಟುಂಬವನ್ನು ಇಂಗ್ಲಿಷಿನವರು 'ಮಹಾಗನಿ ಕುಟುಂಬ' ಅಂತ ಕರೆಯುತ್ತಾರೆ. ನನಗೆ ಇದರ ಮೇಲೆ ಹಳೇ ತಕರಾರಿದೆ. ದುಡ್ಡು ತರುವ ಮರದ ಹೆಸರನ್ನೇ ಇಡೀ ಮನೆತನಕ್ಕೆ ಇಟ್ಟುಬಿಟ್ಟರು. ಬೇವಿನ ಬಳಗ ಅಂದಿದ್ದರೆ ಗಂಟೇನು ಹೋಗುತ್ತಿತ್ತು?

ನಂಟು ನೋಡಬೇಕಾದರೆ ಒಂದು ಬೇವಿನ ಹೂವನ್ನು ಅಂಗೈ ಮೇಲಿಟ್ಟುಕೊಳ್ಳಿ. ಐದು ಬಿಳಿ ಎಸಳು. ನಡುವಿನ ಕೇಸರಗಳೆಲ್ಲ ಒಂದಕ್ಕೊಂದು ಅಂಟಿ ಪುಟ್ಟ ಕೊಳವೆಯಾಗಿವೆ. ಮಹಾಗನಿ ಹೂವಿನಲ್ಲೂ ಇದೇ ಕೊಳವೆ, ಹೆಬ್ಬೇವಿನಲ್ಲೂ ಇದೇ.

ಇನ್ನೊಂದು ನಂಟು ಕಹಿ. ಈ ಮರಗಳ ತೊಗಟೆ, ಬೀಜದಲ್ಲಿರುವ ಲಿಮೊನಾಯ್ಡ್‌ ಅನ್ನೋ ರಾಸಾಯನಿಕಗಳದ್ದು ಅದು. 1959ರಲ್ಲಿ ಸುಡಾನಿಗೆ ಮಿಡತೆ ದಂಡು ಬಂದು ಹಸಿರನ್ನೆಲ್ಲ ಬೋಳಿಸಿತು, ಬೇವನ್ನು ಮಾತ್ರ ಮುಟ್ಟಲಿಲ್ಲ. ಜರ್ಮನ್ ಕೀಟತಜ್ಞ ಹೈನ್ರಿಶ್ ಶ್ಮುಟ್ಟರರ್ ಅದನ್ನು ಕಣ್ಣಾರೆ ಕಂಡು ಬೇವಿನ ಬೆನ್ನುಹತ್ತಿದರು. ಕಾಳಿನ ಚೀಲಕ್ಕೆ ಒಣಗಿದ ಬೇವಿನ ಸೊಪ್ಪು ಹಾಕುತ್ತಿದ್ದವರಿಗೆ ಇದು ಮೊದಲೇ ಗೊತ್ತಿತ್ತು, ಅಲ್ವಾ?

ನನಗೆ ಜಾಸ್ತಿ ಇಷ್ಟವಾದ ನೆಂಟ ಅಮೆಜಾನ್ ಕಾಡಿನ ಆಂಡಿರೋಬ ಮರ. ಅಲ್ಲಿನ ಹೆಂಗಸರು ಅದರ ಬೀಜ ಬೇಯಿಸಿ, ವಾರಗಟ್ಟಲೆ ಹಾಗೇ ಬಿಡುತ್ತಾರೆ. ಆಮೇಲೆ ಒಡೆದು, ತಿರುಳನ್ನು ಕೈಯಲ್ಲೇ ಹಿಟ್ಟಿನ ಹಾಗೆ ನಾದಿ, ಓರೆಯಾದ ಹಲಗೆ ಮೇಲೆ ಮುದ್ದೆ ಮಾಡಿಡುತ್ತಾರೆ. ಎಣ್ಣೆ ತೊಟ್ಟು ತೊಟ್ಟಾಗಿ ಕೆಳಗೆ ಇಳಿಯುತ್ತದೆ. ಆತುರ ಮಾಡಿದರೆ ಆಗದ ಕೆಲಸ. ಆ ಕಹಿ ಎಣ್ಣೆ ಸೊಳ್ಳೆ ಓಡಿಸಲಿಕ್ಕೆ, ಗಾಯಕ್ಕೆ, ಮೈಕೈ ನೋವಿಗೆ. ಪಶ್ಚಿಮ ಆಫ್ರಿಕಾದಲ್ಲಿ ಇದೇ ಬಳಗದ ಖಾಯಾ ಮರದ ತೊಗಟೆ ಕುದಿಸಿ ಜ್ವರಕ್ಕೆ ಕುಡಿಯುತ್ತಾರೆ.

ಬಳಗದಲ್ಲಿ ಸಿಹಿಯವರೂ ಇದ್ದಾರೆ. ಆಗ್ನೇಯ ಏಷ್ಯಾದ ಲಾಂಗ್ಸಾಟ್ ಹಣ್ಣಿನ ತೊಳೆ ಬಾಯಿಗೆ ಹಾಕಿದರೆ ಬಲು ರುಚಿ. ಅಪ್ಪಿತಪ್ಪಿ ಬೀಜ ಕಚ್ಚಿದಿರೋ, ಯಾರ ಪೈಕಿ ಅಂತ ಗೊತ್ತಾಗುತ್ತದೆ!

ಮಹಾಗನಿ ಹಲಗೆ ಚೆಂದ, ಇಲ್ಲ ಅನ್ನಲ್ಲ. ಆದರೆ ಕಡಿದೂ ಕಡಿದೂ ಕೊನೆಗೆ ಮಧ್ಯ, ದಕ್ಷಿಣ ಅಮೆರಿಕದ ದೊಡ್ಡೆಲೆ ಮಹಾಗನಿಯ ವ್ಯಾಪಾರಕ್ಕೆ 2003ರಿಂದ ಅಂತರರಾಷ್ಟ್ರೀಯ ಲಗಾಮು ಹಾಕಬೇಕಾಯಿತು. ತೋಟದಲ್ಲಿ ಬೆಳೆದರಾಯಿತಲ್ಲ ಅಂದರೆ ಅದೂ ಸುಲಭವಿಲ್ಲ. ಅದರ ತವರಲ್ಲೇ ಸಾಲಾಗಿ ನೆಟ್ಟ ಸಸಿಗಳಿಗೆ ಸುಳಿ ಕೊರೆಯುವ ಹುಳ ಬೀಳುತ್ತದೆ. ಅದಕ್ಕೆ ಈ ಕಹಿಯೆಲ್ಲ ಲೆಕ್ಕಕ್ಕೇ ಇಲ್ಲ. ಸುಳಿ ಸತ್ತ ಸಸಿ ಪಕ್ಕಕ್ಕೆ ಕವಲೊಡೆದು ಪೊದೆಯ ಹಾಗೆ ನಿಲ್ಲುತ್ತದೆ. ಅದರಲ್ಲಿ ನೆಟ್ಟಗಿನ ಒಂದು ಹಲಗೆಯೂ ಸಿಗುವುದಿಲ್ಲ.